ನನಗೆ ಬೀಳಬೇಕಿದ್ದ ಏಟು

ಹೋದ ಭಾನುವಾರ ನನ್ನ ಹಳೇ ವಿದ್ಯಾರ್ಥಿಗಳಾದ ನೀವು ಮಾಡಿದ ಗುರುವಂದನೆಯ ದಿನ ಮೈಕ್ ಮುಂದೆ ಎರಡು ಮಾತಾಡಿ ಕೂತುಬಿಟ್ಟೆ. ಗಂಟಲು ಕಟ್ಟಿತ್ತು. ಹೇಳಬೇಕಾದ್ದು ಬೇಕಾದಷ್ಟಿತ್ತು, ಅದಕ್ಕೇ ಈ ಬರಹ.

ರಜೆ ಹಾಕಿ ಬೆಂಗಳೂರಿನಿಂದ ಬಂದವರಿಗೆ, ಮಂಡಿನೋವಿನ ನನ್ನನ್ನು ಮನೆ ಬಾಗಿಲಿಂದ ಕಾರಲ್ಲಿ ಕೂರಿಸಿಕೊಂಡು ಹೋಗಿ ವಾಪಸ್ ಬಿಟ್ಟವನಿಗೆ, ಐದು ಗಂಟೆಗೇ ಎದ್ದು ಅಷ್ಟೂ ಜನಕ್ಕೆ ಕಡುಬು ಬೇಯಿಸಿದ ಹೆಣ್ಣುಮಕ್ಕಳಿಗೆ, ಎಲ್ಲರಿಗೂ ಥ್ಯಾಂಕ್ಸ್. ಕಡುಬಿನವರಿಗೆ ಸ್ವಲ್ಪ ಜಾಸ್ತಿ. ಶಾಲು ಚೆನ್ನಾಗಿದೆ. ನನ್ನ ಹತ್ತಿರ ಇದ್ದ ಹತ್ತು ಶಾಲುಗಳ ಜೊತೆ ಸೇರಿಕೊಂಡಿದೆ.

ಆದರೆ ಮನೆಗೆ ಬಂದ ಮೇಲೆ ನಿದ್ದೆ ಕೆಡಿಸಿದ್ದು ನಿಮ್ಮಲ್ಲೊಬ್ಬ ಹೇಳಿದ ಆ ಏಟಿನ ಕತೆ.

1984ರ ಅಕ್ಟೋಬರ್ 31, ಬುಧವಾರ. ನೀವು ಏಳನೇ ಕ್ಲಾಸು. ನನಗೆ 22 ವರ್ಷ, ಕೆಲಸಕ್ಕೆ ಸೇರಿ ಐದು ತಿಂಗಳೂ ಆಗಿರಲಿಲ್ಲ. ಮಾರನೇ ದಿನ ರಾಜ್ಯೋತ್ಸವ ಅಂತ ಬೆಳಿಗ್ಗೆಯೆಲ್ಲ ಹಾಡಿನ ತಾಲೀಮು ನಡೆದಿತ್ತು. ಊಟದ ನಂತರ ನಾನು ಬೋರ್ಡಿನ ಮೇಲೆ ದಶಾಂಶದ ಭಾಗಾಕಾರ ಬರೆಯುತ್ತಿದ್ದೆ. ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಸೈಕಲ್ಲನ್ನು ಗೋಡೆಗೆ ಒರಗಿಸಿ ಹೆಡ್‌ಮೇಷ್ಟ್ರ ರೂಮಿಗೆ ಓಡಿದ್ದು ಕಿಟಕಿಯಲ್ಲಿ ಕಂಡಿತು. ಸೈಕಲ್ ಜಾರಿ ದಡಕ್ಕಂತ ಬಿತ್ತು. ಅವರು ತಿರುಗಿಯೂ ನೋಡಲಿಲ್ಲ. ಏನೋ ಆಗಿದೆ ಅಂತ ನನಗೆ ಆಗಲೇ ಅನ್ನಿಸಿತು.

ಇಂದಿರಾ ಗಾಂಧಿಯವರಿಗೆ ಬೆಳಿಗ್ಗೆ ದೆಹಲಿಯ ಮನೆಯಂಗಳದಲ್ಲೇ ಕಾವಲಿನವರು ಗುಂಡು ಹೊಡೆದಿದ್ದರು. ಆಕಾಶವಾಣಿ ಸಾವಿನ ಸುದ್ದಿ ಹೇಳಿದ್ದು ಸಂಜೆಗೆ. ರೈಟರ್ ಬಿಬಿಸಿ ಕೇಳಿ ಬಂದಿದ್ದರು.

ಬೇರೆ ಕಡೆಯವರಿಗೆ ಅವರು ಪ್ರಧಾನಿ. ಆಲ್ದೂರಿನ ಆಚೆಯ ನಮ್ಮ ಊರಿಗೆ ಅವರು ‘ನಾವು ಗೆಲ್ಲಿಸಿದ ಇಂದಿರಮ್ಮ’. ರಾಯ್‌ಬರೇಲಿಯಲ್ಲಿ ಸೋತು ಕೂತಿದ್ದವರನ್ನು 1978ರ ನವೆಂಬರ್‌ನಲ್ಲಿ 77 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆಲ್ಲಿಸಿ ಕಳಿಸಿದ್ದು ನಮ್ಮ ಚಿಕ್ಕಮಗಳೂರು. ಮುಂದಿನ ತಿಂಗಳೇ ಲೋಕಸಭೆ ಅವರನ್ನು ಹೊರಗೆ ಹಾಕಿತು, ಅದು ಬೇರೆ ಮಾತು. ಎಸ್ಟೇಟ್ ಕೆಲಸದವರ ಲೈನ್ ಮನೆಗಳ ಗೋಡೆಯಿಂದ ಅವರ ಫೋಟೋವನ್ನೇನೂ ಯಾರೂ ಇಳಿಸಲಿಲ್ಲ.

“ಮಕ್ಕಳಿಗೆ ಏನೂ ಹೇಳೋದು ಬೇಡಮ್ಮ. ಸುಮ್ನೆ ಮನೆಗೆ ಕಳಿಸಿಬಿಡಿ” ಅಂದರು ಹೆಡ್‌ಮೇಷ್ಟ್ರು. ಅವರನ್ನು ದೂರುವುದಿಲ್ಲ. ಊರಲ್ಲಿ ಗಲಾಟೆ ಆದರೆ ಅನ್ನುವ ಭಯ ಅವರಿಗೆ. ನಾನು ಕ್ಲಾಸಿಗೆ ಬಂದು, “ನಮಗೆ ಮೀಟಿಂಗ್ ಇದೆ, ಇವತ್ತಿಗೆ ರಜೆ” ಅಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ನೀವು ‘ಹೋ’ ಅಂತ ಕಿರುಚಿಕೊಂಡು, ಚೀಲ ತಿರುಗಿಸುತ್ತಾ ಓಡಿದಿರಿ. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಮುಂದಿನದು ನನಗೆ ಗೊತ್ತಾಗಿದ್ದು ಹೋದ ಭಾನುವಾರ, ನಾಲ್ಕು ದಶಕ ಕಳೆದ ಮೇಲೆ.

“ನಾನು ಕೇಕೆ ಹಾಕ್ಕೊಂಡು ಮನೆಗೆ ಹೋದೆ. ಅಜ್ಜಿ ಜಗಲಿ ಮೇಲೆ ಕೂತು ಅಳ್ತಿತ್ತು. ನಾನು ‘ಅಜ್ಜೀ, ರಜಾ!’ ಅಂತ ಕುಣಿದೆ. ಎದ್ದು ಬಂದು ಕೆನ್ನೆಗೆ ಬಾರಿಸಿತು ನೋಡಿ! ಅದಕ್ಕಿಂತ ಮೊದಲೂ ಹೊಡೆದಿಲ್ಲ, ಆಮೇಲೂ ಹೊಡೆದಿಲ್ಲ. ಇಂದಿರಮ್ಮ ವೋಟಿಗೆ ಬಂದಾಗ ನೋಡೋಕೆ ಅಂತ ನಡ್ಕೊಂಡು ಹೋಗಿದ್ದ ಅಜ್ಜಿ ಅದು. ಆ ಏಟು ಟೀಚರ್‌ಗೆ ಬೀಳಬೇಕಿತ್ತು, ನಾನು ತಿಂದೆ.”

ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ಗಂಟಲು ಕಟ್ಟಿದ್ದು ಅಲ್ಲೇ.

ಕೆಲವು ದಿನ ಬಿಟ್ಟು ಶಾಲೆ ತೆರೆದಾಗ ಬೋರ್ಡಿನ ಮೇಲೆ ಆ ಅರ್ಧ ಲೆಕ್ಕ ಹಾಗೇ ಇತ್ತು. ನೀವು ಯಾರೂ ಏನೂ ಕೇಳಲಿಲ್ಲ. ಸುಮ್ನೆ ನನ್ನ ಮುಖ ನೋಡಿದಿರಿ. ಆ ನೋಟ ಮರೆತಿಲ್ಲ.

2021ರ ಅಕ್ಟೋಬರ್ 29, ಶುಕ್ರವಾರ. ಬೇರೆ ಶಾಲೆ, ನನ್ನ ಸರ್ವೀಸಿನ ಕೊನೆಯ ವರ್ಷ. ಮತ್ತೆ ಏಳನೇ ಕ್ಲಾಸೇ, ಮತ್ತೆ ರಾಜ್ಯೋತ್ಸವದ ತಾಲೀಮು. ಮಕ್ಕಳೆಲ್ಲ ಮಾಸ್ಕಿನಲ್ಲಿ. ಮಧ್ಯಾಹ್ನ ಫೋನ್ ಬಂತು: ಪುನೀತ್ ರಾಜ್‌ಕುಮಾರ್ ಹೋಗಿಬಿಟ್ಟರು, 46ನೇ ವಯಸ್ಸಿಗೆ, ಹೃದಯಾಘಾತ. ಈ ಸಲ ಮೀಟಿಂಗ್ ಗೀಟಿಂಗ್ ಅನ್ನಲಿಲ್ಲ. ಒಳಗೆ ಹೋಗಿ ಮಕ್ಕಳ ಜೊತೆ ನೆಲದ ಮೇಲೆ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. “ಅಪ್ಪುನಾ ಟೀಚರ್?” ಅಂದಳು ಒಬ್ಬಳು. ಹೂಂ ಅಂದೆ. ಬೆಲ್ ಹೊಡೆದ ಮೇಲೂ ಯಾರೂ ಓಡಲಿಲ್ಲ.

ಅಷ್ಟು ಮಾಡೋಕೆ ಕಲಿಸಿದವರು ನೀವು. ನನಗಾಗಿ ಏಟು ತಿಂದವನೇ, ನಿನಗೆ ವಿಶೇಷ ಥ್ಯಾಂಕ್ಸ್ ಕಣೋ. ನಿಮ್ಮಜ್ಜಿ ಇದ್ದಿದ್ದರೆ ಬಂದು ಕೈ ಮುಗಿಯುತ್ತಿದ್ದೆ.

ಅಂದ ಹಾಗೆ, ಕಡುಬು ಕಟ್ಟಿ ಕೊಟ್ಟ ಸ್ಟೀಲ್ ಡಬ್ಬಿ ನನ್ನ ಹತ್ತಿರವೇ ಇದೆ. ಮುಚ್ಚಳದ ಮೇಲೆ ಕೆಂಪು ದಾರ ಸುತ್ತಿದೆ. ಯಾರದ್ದು ಅಂತ ಒಂದು ಫೋನ್ ಮಾಡಿ, ಖಾಲಿ ಕೊಡುವುದಿಲ್ಲ.