ಡಿ'ಸೋಜಾ ಎಂಬ ಹೆಸರು ಮತ್ತು ನಿನ್ನ ಮೊದಲ ಲ್ಯಾಬ್

ಟಿಳಕವಾಡಿ, ಬೆಳಗಾವಿ

ಚಿ. ತಂಗೆವ್ವನಿಗೆ ದೊಡ್ಡವ್ವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ವಿಜಯಪುರದಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ನಿಮ್ಮವ್ವ ಫೋನ್ ಮಾಡಿದಾಗ ತುಂಬಾ ಖುಷಿಯಾಯಿತು. ಬಿಸಿಎ ಮಕ್ಕಳಿಗೆ ವೆಬ್ ಡೆವಲಪ್‌ಮೆಂಟ್ ಕಲಿಸುವುದು ನಿನ್ನ ಪಾಲಿಗೆ ಬಂದಿದೆಯಂತೆ. ಕಾಲೇಜಿನಲ್ಲಿ ಇನ್ನು ನೀನು ಮೇಡಂ. ನನ್ನ ಪತ್ರದಲ್ಲಿ ಮಾತ್ರ ಮನೆಯ ಹೆಸರೇ ಇರಲಿ.

ನೀನು ಕಳಿಸಿದ ಲೆಸನ್ ಪ್ಲಾನ್ ಎರಡು ಸಲ ಓದಿದೆ. ಮೊದಲು ಎಚ್‌ಟಿಎಂಎಲ್, ಸಿಎಸ್‌ಎಸ್. ಆಮೇಲೆ ಜಾವಾಸ್ಕ್ರಿಪ್ಟ್, ಸರ್ವರ್ ಕಡೆ ಓಡುವ ಪಿಎಚ್‌ಪಿ, ಮಾಹಿತಿ ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್. ಐದನೇ ಯೂನಿಟ್‌ನಲ್ಲಿ ಸೆಕ್ಯುರಿಟಿ. ಸಿಲಬಸ್ಸಿನಲ್ಲೇ ಹಾಗಿದೆ, ನಿನ್ನ ತಪ್ಪೇನಿಲ್ಲ. ಆದರೆ ಐದನೇ ಯೂನಿಟ್ ಹೊತ್ತಿಗೆ ಏನಾಗುತ್ತದೆ ಎಂದು ನನಗೆ ಗೊತ್ತು. ಇಂಟರ್ನಲ್ಸ್ ಬಂದಿರುತ್ತವೆ, ಪ್ರಾಜೆಕ್ಟ್ ಒಪ್ಪಿಸುವ ಗಡಿಬಿಡಿ ಇರುತ್ತದೆ. ಇಂಪಾರ್ಟೆಂಟ್ ಪ್ರಶ್ನೆ ಗುರುತು ಮಾಡಿಕೊಳ್ಳಿ, ಮನೆಯಲ್ಲಿ ಓದಿಕೊಳ್ಳಿ ಎಂದು ಹೇಳಿ ಮುಗಿಸಿಬಿಡುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಮುಗಿಸಿದೆ. ಅದಕ್ಕೇ ಈ ಪತ್ರ.

ನಾನು ಕಲಿಸುತ್ತಿದ್ದ ಕಾಲೇಜಿನಲ್ಲಿ ಅಡ್ಮಿಷನ್ ವಿವರ ತುಂಬುವ ಒಂದು ಸಣ್ಣ ಪ್ರೋಗ್ರಾಂ ಇತ್ತು. ನಮ್ಮ ಹುಡುಗರೇ ಪ್ರಾಜೆಕ್ಟ್ ಅಂತ ಮಾಡಿದ್ದು. ಗೈಡ್ ನಾನು. ಚೆನ್ನಾಗಿದೆ ಅಂತ ಆಫೀಸಿನವರು ಅದನ್ನೇ ಬಳಸುತ್ತಿದ್ದರು. ಒಂದು ಜೂನ್ ತಿಂಗಳು, ಹೊರಗೆ ಬೆಳಗಾವಿಯ ಜಿಟಿಜಿಟಿ ಮಳೆ, ಕೌಂಟರ್ ಮುಂದೆ ಉದ್ದ ಸಾಲು. ಕ್ಯಾಂಪ್ ಕಡೆಯ ಒಬ್ಬ ಹುಡುಗಿಯ ಸರದಿ ಬಂತು. ಅವಳ ಅಡ್ಡಹೆಸರು ಡಿ'ಸೋಜಾ. ಡಿ ಅಕ್ಷರದ ಮುಂದೆ ಮೇಲ್ಗಡೆ ಒಂದು ಸಣ್ಣ ಗೆರೆ ಇದೆ ನೋಡು, ಅದು ಸೇರಿದರೇ ಅವರ ಹೆಸರು ಪೂರ್ತಿ. ಕ್ಲರ್ಕ್ ಟೈಪ್ ಮಾಡಿ ಸೇವ್ ಒತ್ತಿದರೆ ಎರರ್. ಮತ್ತೊಮ್ಮೆ ಒತ್ತಿದರೆ ಮತ್ತದೇ ಎರರ್. ನನ್ನನ್ನು ಕರೆಸಿದರು. ನಾನು ಸ್ಕ್ರೀನ್ ನೋಡಿ, ಆ ಗೆರೆ ತೆಗೆದು ಹಾಕಿ ಅಂದೆ. ಸೇವ್ ಆಯಿತು.

ಆ ಹುಡುಗಿ ಮೆಲ್ಲಗೆ ಹೇಳಿದಳು, "ಮೇಡಂ, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ಅದು ಇದೆ." ನಾನು, ಏನೂ ಆಗುವುದಿಲ್ಲ, ಮುಂದೆ ನಡಿ ಅಂದೆ.

ಆಯಿತು. ಹೆಸರು ತಾಳೆಯಾಗುವುದಿಲ್ಲ ಎಂದು ಅವಳ ಸ್ಕಾಲರ್‌ಶಿಪ್ ಅರ್ಜಿ ವಾಪಸ್ ಬಂತು. ಅವರಪ್ಪ ಅಫಿಡವಿಟ್ ಮಾಡಿಸಲು ಎರಡು ದಿನ ಕೆಲಸ ಬಿಟ್ಟು ಓಡಾಡಿದರು. ಅದಕ್ಕೆ ಕಾರಣ ನಾನು ಎಂಬುದು ಇವತ್ತಿಗೂ ನನಗೆ ಚುಚ್ಚುತ್ತದೆ. ಇದರ ಹಿಂದೆ ಇನ್ನೊಂದು ಸಂಗತಿ ಇತ್ತು. ಅದು ನನಗೆ ತಿಳಿದದ್ದು ಎರಡು ವರ್ಷ ಬಿಟ್ಟು.

ನಮ್ಮ ಕೋಡಿನಲ್ಲಿ ಹೆಸರನ್ನು ಎರಡು ಗೆರೆಗಳ ನಡುವೆ ಇಟ್ಟು ಡೇಟಾಬೇಸಿಗೆ ಕಳಿಸುತ್ತಿದ್ದೆವು. ಹೆಸರು = 'ಪಾಟೀಲ' ಎಂದು ಕಳಿಸಿದರೆ ತೊಂದರೆಯಿಲ್ಲ. ಹೆಸರು = 'ಡಿ'ಸೋಜಾ' ಎಂದು ಹೋದರೆ? ಡೇಟಾಬೇಸ್ ಎರಡನೇ ಗೆರೆ ಕಂಡ ಕೂಡಲೇ ಹೆಸರು ಮುಗಿಯಿತು ಅಂದುಕೊಳ್ಳುತ್ತದೆ. ಡಿ ಎಂಬುದು ಹೆಸರು. ಉಳಿದ ಸೋಜಾ ಎಂಬುದನ್ನು ಅದು ಆಜ್ಞೆ ಎಂದು ಓದಲು ಹೋಗುತ್ತದೆ. ಅಂಥ ಆಜ್ಞೆ ಇಲ್ಲವಲ್ಲ, ಹಾಗಾಗಿ ಎರರ್. ಈಗ ಯೋಚಿಸು. ಗೆರೆಯ ಆಚೆಗೆ ಬರೆದದ್ದೆಲ್ಲ ಆಜ್ಞೆ ಆಗುವುದಾದರೆ, ಅಲ್ಲಿ ಯಾರಾದರೂ ನಿಜವಾದ ಆಜ್ಞೆಯನ್ನೇ ಬರೆಯಬಹುದಲ್ವಾ? ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಜಾಗಕ್ಕೆ ' ಆರ್ '1'='1 ಎಂದು ಹಾಕಿದರೆ, "ಪಾಸ್‌ವರ್ಡ್ ಸರಿಯಿದ್ದರೆ, ಇಲ್ಲವೇ ಒಂದಕ್ಕೆ ಒಂದು ಸಮ ಇದ್ದರೆ ಒಳಗೆ ಬಿಡು" ಎಂದಾಗುತ್ತದೆ. ಒಂದಕ್ಕೆ ಒಂದು ಯಾವಾಗಲೂ ಸಮ. ಬಾಗಿಲು ತೆರೆಯಿತು.

ಆ ಹುಡುಗಿ ಬರೇ ತನ್ನ ಹೆಸರು ಹೇಳಿ, ನಮ್ಮ ಬಾಗಿಲ ಚಿಲಕ ಸಡಿಲಾಗಿದೆ ಎಂದು ತೋರಿಸಿದ್ದಳು. ನಾನು ಚಿಲಕ ಬಿಟ್ಟು ಅವಳ ಹೆಸರನ್ನು ತಿದ್ದಿದೆ.

ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಅನ್ನುತ್ತಾರೆ ಎಂದು ನಿನಗೆ ಹೇಳಬೇಕಾಗಿಲ್ಲ. 1998ರಲ್ಲೇ ಈ ದಾರಿಯನ್ನು ವಿವರವಾಗಿ ಬರೆದು ಪ್ರಕಟಿಸಿದ್ದರು. ವೆಬ್‌ನ ದೊಡ್ಡ ಅಪಾಯಗಳೆಂದು ಓವಾಸ್ಪ್ ಸಂಸ್ಥೆ ಪಟ್ಟಿ ಮಾಡುತ್ತದಲ್ಲ, ಅದರಲ್ಲಿ 2010, 2013, 2017ರಲ್ಲಿ ಇಂಜೆಕ್ಷನ್ನೇ ಮೊದಲು. 2021ರ ಪಟ್ಟಿಯಲ್ಲಿ ಮೂರನೆಯದು. ಇಷ್ಟು ಹಳೆಯ ತಪ್ಪು ಇನ್ನೂ ಯಾಕೆ ಸಾಯುತ್ತಿಲ್ಲ? ನಮ್ಮಂಥ ಕಲಿಸುವವರು ಅದನ್ನು ವರ್ಷ ವರ್ಷ ಹೊಸದಾಗಿ ಬಿತ್ತುತ್ತೇವೆ ಎಂಬುದು ಒಂದು ದೊಡ್ಡ ಕಾರಣ. "ಮೊದಲು ಸುಲಭದ್ದು ಕಲಿಯಲಿ, ಸರಿಯಾದದ್ದು ಆಮೇಲೆ ಹೇಳೋಣ" ಅನ್ನುತ್ತೇವೆ. ಮೊದಲು ಕಲಿತದ್ದು ಕೈಗೆ ಕೂತುಬಿಡುತ್ತದೆ ತಂಗೆವ್ವ. ಪಾಟಿಯ ಮೇಲೆ ತಪ್ಪಾಗಿ ತಿದ್ದಿದ ಅಕ್ಷರ ದೊಡ್ಡವರಾದ ಮೇಲೂ ಸೊಟ್ಟಗೇ ಬರುವ ಹಾಗೆ.

ಸರಿಯಾದದ್ದು ಕಷ್ಟವೂ ಅಲ್ಲ. ಬ್ಯಾಂಕಿನ ಚಲನ್ ತೋರಿಸು ಮಕ್ಕಳಿಗೆ. ಯಾವ ಜಾಗದಲ್ಲಿ ಏನು ಬರೆಯಬೇಕೆಂದು ಅಲ್ಲಿ ಮೊದಲೇ ಅಚ್ಚಾಗಿರುತ್ತದೆ. ಹೆಸರಿನ ಜಾಗದಲ್ಲಿ ಏನೇ ಗೀಚಿದರೂ ಅದು ಹೆಸರೇ. "ಈ ಖಾತೆಗೆ ಲಕ್ಷ ರೂಪಾಯಿ ಹಾಕಿ" ಎಂದು ಅಲ್ಲಿ ಬರೆದರೆ ಕ್ಯಾಷಿಯರ್ ಹಾಕಿಬಿಡುತ್ತಾರಾ? ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಂದರೆ ಅಂಥ ಅಚ್ಚಾದ ಚಲನ್. ಆಜ್ಞೆ ಮೊದಲೇ ಹೋಗಿರುತ್ತದೆ, ಹೆಸರು ಬೇರೆಯಾಗಿ ಹೋಗುತ್ತದೆ. ಪಿಎಚ್‌ಪಿಯಲ್ಲಿ ಹೀಗೆ ಕಳಿಸಲು ಪಿಡಿಒ ಎಂಬ ಸೌಲಭ್ಯ 2005ರಿಂದ ಇದೆ. ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಿಂದ ತೆಗೆದೇ ಹಾಕಿದ್ದಾರೆ. ಹಾಗಿದ್ದೂ ಝೆರಾಕ್ಸ್ ಅಂಗಡಿಯ ನೋಟ್ಸ್‌ನಲ್ಲಿ ಅವೇ ಓಡಾಡುತ್ತವೆ. ನಿಮ್ಮ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಇದ್ದರೆ ಮೊದಲ ವಾರವೇ ತಿದ್ದಿ ಬರೆಸು. ಎಚ್‌ಒಡಿ ಬೇಸರಿಸಿಕೊಂಡರೆ ಸಮಾಧಾನದಿಂದ ಹೇಳು, ಬಿಡಬೇಡ.

ಮೊದಲ ಲ್ಯಾಬಿನಲ್ಲಿ ಮಕ್ಕಳಿಂದ ಹೆಸರು ತುಂಬುವ ಫಾರ್ಮ್ ಮಾಡಿಸುತ್ತೀಯಲ್ಲ. ಸುಮ್ನೆ ಎಬಿಸಿ, ಎಕ್ಸ್‌ವೈಜೆಡ್ ಅಂತ ಹಾಕಿಸಬೇಡ. ಹಾಜರಿ ಪುಸ್ತಕ ತೆಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಬಸ್ಸಿನಲ್ಲಿ ಬರುವ ಮಕ್ಕಳ ಹೆಸರು ನೋಡು. ಒಬ್ಬನಿಗೆ ಅಡ್ಡಹೆಸರೇ ಇರುವುದಿಲ್ಲ, ಲಾಸ್ಟ್ ನೇಮ್ ಕಡ್ಡಾಯ ಎಂದು ಫಾರ್ಮ್ ಹಟ ಹಿಡಿದರೆ ಅವನು ಚುಕ್ಕೆ ಹಾಕಿ ಮುಂದೆ ಹೋಗುತ್ತಾನೆ. ಒಬ್ಬಳ ಹೆಸರು, ಅಪ್ಪನ ಹೆಸರು, ಊರು ಎಲ್ಲ ಸೇರಿ ಫಾರ್ಮಿನ ಡಬ್ಬಿ ದಾಟುತ್ತದೆ. ಕನ್ನಡದಲ್ಲಿ ಹೆಸರು ಬರೆಸು. ಮೈಎಸ್‌ಕ್ಯೂಎಲ್ 2018ರಲ್ಲಿ 8.0 ಆಗುವವರೆಗೂ ತಾನಾಗಿ ಲ್ಯಾಟಿನ್ ಅಕ್ಷರಗಳನ್ನೇ ಹಿಡಿದುಕೊಂಡಿರುತ್ತಿತ್ತು. ಹಳೆಯ ಸಿಸ್ಟಮ್ ಇದ್ದರೆ ಮಗುವಿನ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನೆ ಚಿಹ್ನೆ ಬರುತ್ತದೆ. ತನ್ನ ಹೆಸರೇ ಹಾಗೆ ಬಂದದ್ದನ್ನು ಕಂಡ ಮಗು, ಡೇಟಾಬೇಸ್ ಯಾವ ಲಿಪಿ ಹಿಡಿಯುತ್ತದೆ ಎಂದು ಹೇಳುವ ಕ್ಯಾರೆಕ್ಟರ್ ಸೆಟ್ ಅನ್ನುವುದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಕೊನೆಗೆ ಡಿ'ಸೋಜಾ ಹಾಕಿಸು. ಎಲ್ಲ ಹೆಸರೂ ಇದ್ದ ಹಾಗೇ ಒಳಗೆ ಹೋಗಿ, ಇದ್ದ ಹಾಗೇ ಹೊರಗೆ ಬಂದರೆ ಮಾತ್ರ ಸಹಿ ಮಾಡು.

ಹೊರಗೆ ಬರುವಾಗಲೂ ಇದೇ ಕತೆ. ಹೆಸರಿನ ಜಾಗದಲ್ಲಿ ದಪ್ಪಕ್ಷರದ ಟ್ಯಾಗ್ ಸೇರಿಸಿ ತುಂಬಲು ಹೇಳು. ಪುಟದಲ್ಲಿ ಹೆಸರು ದಪ್ಪಗೆ ಬಂತೋ, ಅಲ್ಲಿ ಸ್ಕ್ರಿಪ್ಟ್ ಕೂಡ ಓಡುತ್ತದೆ. ಬ್ರೌಸರಿಗೆ ಕೊಡುವ ಮುಂಚೆ ಎಸ್ಕೇಪ್ ಮಾಡಬೇಕು, ಅಂದರೆ ಟ್ಯಾಗಿನ ಚಿಹ್ನೆಗಳು ಆಜ್ಞೆಯಾಗದೆ ಬರೇ ಅಕ್ಷರವಾಗಿ ಕಾಣುವಂತೆ ಮಾಡಬೇಕು. ದಪ್ಪ ಹೆಸರು ನೋಡಿ ಮಕ್ಕಳು ನಗುತ್ತಾರೆ. ನಗಲಿ. ಆಮೇಲೆ ಕುಕಿ ಕದಿಯುವುದು ಏನೆಂದು ಹೇಳು.

ಕುಕಿ, ಸೆಷನ್ ಎಂದು ಬೋರ್ಡಿನ ಮೇಲೆ ಬಾಣ ಬರೆದು ಹೇಳಿದರೆ ನನ್ನ ಮಕ್ಕಳಿಗೆ ತಲೆಗೆ ಹೋಗುತ್ತಿರಲಿಲ್ಲ. ನಿನ್ನ ಮಕ್ಕಳು ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಹೋಗುವವರು. ಗುಡಿಯ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ತೆಗೆದುಕೊಳ್ಳುವುದು ಅವರಿಗೆ ಗೊತ್ತು. ಚಪ್ಪಲಿ ಕಾಯುವವನು ಅಷ್ಟು ಜನರಲ್ಲಿ ಯಾರ ಮುಖ ನೋಡುತ್ತಾನೆ? ಟೋಕನ್ ಕೊಟ್ಟವರಿಗೆ ಚಪ್ಪಲಿ ಕೊಡುತ್ತಾನೆ. ಸರ್ವರ್ ಕೂಡ ಹಾಗೇ. ಲಾಗಿನ್ ಆದಾಗ ಕುಕಿ ಎಂಬ ಒಂದು ಟೋಕನ್ ಕೊಡುತ್ತದೆ, ಆಮೇಲೆ ಪಾಸ್‌ವರ್ಡ್ ಕೇಳುವುದಿಲ್ಲ. ನಿನ್ನ ಜೇಬಿನ ಟೋಕನ್ ಯಾರೋ ಎತ್ತಿದರೆ ಅವರೇ ನೀನು. ಪುಟದೊಳಗೆ ನುಸುಳಿದ ಸ್ಕ್ರಿಪ್ಟ್ ಆ ಜೇಬಿಗೆ ಕೈ ಹಾಕುತ್ತದೆ. ಎಚ್‌ಟಿಟಿಪಿ ಓನ್ಲಿ ಎಂದು ಕುಕಿಗೆ ಗುರುತು ಹಾಕಿದರೆ ಸ್ಕ್ರಿಪ್ಟಿನ ಕೈಗೆ ಆ ಟೋಕನ್ ಸಿಗುವುದಿಲ್ಲ. ಟೋಕನ್ ನಂಬರ್ 1, 2, 3 ಎಂದು ಸಾಲಾಗಿ ಇದ್ದರೆ ಏನಾಗುತ್ತದೆ ಎಂದೂ ಕೇಳು. ಉತ್ತರ ಅವರೇ ಹೇಳುತ್ತಾರೆ, ನೋಡುತ್ತಿರು.

ಒಂದು ದಿನ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗು. ಮೇಲಿನ ಸುತ್ತುಗಟ್ಟೆಯಲ್ಲಿ ಒಬ್ಬ ಹುಡುಗ ಗೋಡೆಗೆ ಮುಖ ಮಾಡಿ ತನ್ನ ಪಾಸ್‌ವರ್ಡ್ ಎಂದು ಒಂದು ಸುಳ್ಳು ಪದ ಪಿಸುಗುಟ್ಟಲಿ. ಅಷ್ಟು ದೊಡ್ಡ ಗುಮ್ಮಟದ ಎದುರು ತುದಿಯಲ್ಲಿ ನಿಂತವರಿಗೆ ಸ್ಪಷ್ಟ ಕೇಳುತ್ತದೆ. ಬ್ರೌಸರ್ ಮತ್ತು ಸರ್ವರ್ ನಡುವಿನ ಬೀಗವಿಲ್ಲದ ದಾರಿ ಎಚ್‌ಟಿಟಿಪಿ ಎಂದರೆ ಅದು. ಬೀಗ ಹಾಕಿದ ದಾರಿ ಎಚ್‌ಟಿಟಿಪಿಎಸ್. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಕಡೆಯಿಂದ ಪುಕ್ಕಟೆ ಸಿಗುತ್ತದೆ, ಹಾಗಾಗಿ ದುಡ್ಡಿಲ್ಲ ಎಂಬ ನೆಪ ನಡೆಯುವುದಿಲ್ಲ. ಇನ್ನೊಂದು ಮಾತನ್ನು ಒತ್ತಿ ಹೇಳು. ಆ ಬೀಗ ದಾರಿಯನ್ನು ಮಾತ್ರ ಕಾಯುತ್ತದೆ. ಆ ತುದಿಯಲ್ಲಿ ಕೂತವನು ಕಳ್ಳನಾದರೂ ಅವನ ಪುಟಕ್ಕೂ ಬೀಗ ಸಿಗುತ್ತದೆ. ಮಕ್ಕಳು ಇದನ್ನು ಮನೆಯಲ್ಲಿ ಅವ್ವ ಅಪ್ಪನಿಗೂ ಹೇಳಲಿ. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಎಂಬುದನ್ನೂ ಹೇಳಲಿ.

ಪಾಸ್‌ವರ್ಡ್ ಇಡುವ ಪಾಠಕ್ಕೆ ಅರ್ಧ ಗಂಟೆ ಸಾಕು. ಇಬ್ಬರು ಮಕ್ಕಳು ಒಂದೇ ಪಾಸ್‌ವರ್ಡ್ ಹಾಕಲಿ. ಪಾಸ್‌ವರ್ಡನ್ನು ಗುರುತು ಸಿಗದ ಅಕ್ಷರಸಾಲಾಗಿ ಬದಲಿಸುವ ಹಳೆಯ ವಿಧಾನ ಎಂಡಿ5ರಲ್ಲಿ ಎರಡಕ್ಕೂ ಒಂದೇ ಉತ್ತರ ಬರುತ್ತದೆ, ಒಬ್ಬರದು ಸಿಕ್ಕರೆ ಇನ್ನೊಬ್ಬರದೂ ಸಿಕ್ಕ ಹಾಗೆ. ಬಿಕ್ರಿಪ್ಟ್‌ನಲ್ಲಿ ಪ್ರತಿಯೊಂದಕ್ಕೂ ಸಾಲ್ಟ್ ಎಂಬ ಬೇರೆ ಬೇರೆ ಅಕ್ಷರಸಾಲು ಸೇರುವುದರಿಂದ ಎರಡೂ ಬೇರೆ ಬೇರೆ. ಪಕ್ಕಪಕ್ಕ ಇಟ್ಟು ತೋರಿಸು, ಜಾಸ್ತಿ ಮಾತು ಬೇಡ.

ಈಗ ನನಗೆ ಬಹಳ ಕಳವಳದ ವಿಷಯ. ಒಬ್ಬ ಹುಡುಗ, ಎರಡನೇ ವರ್ಷದವನು, ಫೀ ರಸೀದಿ ನೋಡುವಾಗ ಮೇಲಿನ ವಿಳಾಸದಲ್ಲಿದ್ದ ನಂಬರ್ ಒಂದು ಹೆಚ್ಚಿಸಿದ. ಬೇರೆಯವರ ರಸೀದಿ ಬಂತು. ಹೆಸರು, ಜಾತಿ, ಫೋನ್ ನಂಬರ್ ಎಲ್ಲ. ಹೆದರಿ ನನ್ನ ಹತ್ತಿರ ಬಂದು ಹೇಳಿದ. ನಾನು ಮೇಲಿನವರಿಗೆ ತಿಳಿಸಿದೆ. ಅವರು ಹುಡುಗನನ್ನೇ ಕರೆಸಿ, ಹ್ಯಾಕಿಂಗ್ ಮಾಡುತ್ತೀಯಾ ಎಂದು ಬೈದು, ಅಪ್ಪನನ್ನು ಕರೆದುಕೊಂಡು ಬಾ ಅಂದರು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಅವನು ನನ್ನ ಲ್ಯಾಬಿನಲ್ಲಿ ಹಿಂದಿನ ಬೆಂಚಿಗೆ ಹೋದ, ಒಂದೂ ಪ್ರಶ್ನೆ ಕೇಳಲಿಲ್ಲ. 2021ರ ಓವಾಸ್ಪ್ ಪಟ್ಟಿಯಲ್ಲಿ ಮೊದಲ ಜಾಗ ಆ ಹುಡುಗ ಕಂಡ ಥರದ ತಪ್ಪಿಗೇ. ಲಾಗಿನ್ ಆಗಿದ್ದಾನೆ ಎಂದು ನೋಡುತ್ತೇವೆ, ಈ ರಸೀದಿ ಅವನದ್ದೇನಾ ಎಂದು ನೋಡುವುದಿಲ್ಲ.

ನಿನ್ನ ಹತ್ತಿರ ಅಂಥ ಮಗು ಬಂದೇ ಬರುತ್ತದೆ. ಬಂದಾಗ ಕೂರಿಸಿ ಪೂರ್ತಿ ಕೇಳು. ಇನ್ನು ಮುಂದೆ ಮುಟ್ಟಬೇಡ, ಯಾರಿಗೂ ಕಳಿಸಬೇಡ ಅನ್ನು. ತಿಳಿಸುವ ಪತ್ರವನ್ನು ನಿನ್ನ ಹೆಸರಿನಲ್ಲಿ ಬರೆ. ಹೊರಗಿನ ಸೈಟ್ ಆದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸುವ ದಾರಿ ಇದೆ. ಕಾನೂನನ್ನೂ ಮೊದಲ ತಿಂಗಳೇ ಹೇಳಿಬಿಡು. 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದೆ ಮೋಸದ ಉದ್ದೇಶದಿಂದ ಬೇರೆಯವರ ಕಂಪ್ಯೂಟರಿಗೆ ಕೈ ಹಾಕಿದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಆಗಬಹುದು. ಸುಮ್ನೆ ಆಟಕ್ಕೆ ಮಾಡಿದೆ ಅಂದರೆ ಪೊಲೀಸರ ಮುಂದೆ ಅದನ್ನು ಸಾಬೀತು ಮಾಡುವುದು ಯಾರು? ಮುರಿದು ಕಲಿಯುವ ಆಸೆ ಇರುವ ಮಕ್ಕಳಿಗೆ ಡಿವಿಡಬ್ಲ್ಯೂಎ, ಜ್ಯೂಸ್ ಶಾಪ್ ಇವೆ. ಮುರಿಯಲೆಂದೇ ಮಾಡಿದ ಸೈಟ್‌ಗಳು. ಲ್ಯಾಬಿನ ಮಷಿನ್‌ಗಳಲ್ಲೇ ಹಾಕಿಕೊಡು, ಇಂಟರ್ನೆಟ್ ಕೇಬಲ್ ತೆಗೆದಿಡು.

ಈಗ ಎಐ ಕೋಡ್ ಬರೆದುಕೊಡುತ್ತದೆ. ಬೇಡ ಅಂದರೆ ಮಕ್ಕಳು ಬಿಡುವುದಿಲ್ಲ. ತಂದ ಕೋಡಿನಲ್ಲಿ ಹೊರಗಿನವರು ಟೈಪ್ ಮಾಡಿದ್ದು ಎಲ್ಲಿ ಒಳಗೆ ಬರುತ್ತದೆ, ಎಲ್ಲಿವರೆಗೆ ಹೋಗುತ್ತದೆ, ಬೆರಳಿಟ್ಟು ತೋರಿಸು ಅನ್ನು. ತೋರಿಸಿದರೆ ಮಾರ್ಕ್ಸ್ ಕೊಡು. ಕನ್ನಡದಲ್ಲಿ ಹೇಳಿದರೂ ಕೊಡು. ಕನ್ನಡ ಮೀಡಿಯಂನಿಂದ ಬಂದ ಎಷ್ಟೋ ಮಕ್ಕಳಿಗೆ ವಿಷಯ ಅರ್ಥವಾಗಿರುತ್ತದೆ, ಇಂಗ್ಲಿಷ್ ವಾಕ್ಯಕ್ಕೆ ಹೆದರಿ ಸುಮ್ಮನಿರುತ್ತಾರೆ.

ನಿಮ್ಮ ಕಾಕಾ ಮುಂದಿನ ವಾರ ವಿಜಯಪುರಕ್ಕೆ ಬರುತ್ತಾರೆ. ಕುಂದಾ ಕಳಿಸುತ್ತೇನೆ, ಸ್ಟಾಫ್ ರೂಮಿಗೂ ಸೇರಿಸಿ. ಜೊತೆಗೆ ನನ್ನ ಹಳೆಯ ಲ್ಯಾಬ್ ರಿಜಿಸ್ಟರ್ ಇಟ್ಟಿದ್ದೇನೆ. ಅದರಲ್ಲಿ ಆ ಹುಡುಗಿಯ ಹೆಸರು ಗೆರೆಯಿಲ್ಲದೆ ಇದೆ. ಮೊದಲ ಲ್ಯಾಬ್ ಮುಗಿದ ಸಂಜೆ ಫೋನ್ ಮಾಡು. ಯಾರ ಯಾರ ಹೆಸರು ಹೋಯಿತು, ಯಾರದು ಹೋಗಲಿಲ್ಲ, ಒಂದೊಂದಾಗಿ ಹೇಳು.

ನಿನ್ನ ದೊಡ್ಡವ್ವ