ಸ್ಕೂಟರಿನ ವಿಂಡ್‌ಚೀಟರ್ ಬೆಟ್ಟಕ್ಕೆ ಒಗ್ಗದು

ಮಾನ್ಯ ಸಂಪಾದಕರೇ,

ಚಳಿಗಾಲ ಕಾಲಿಟ್ಟಿತೆಂದರೆ ಪುಣೆಯ ಕನ್ನಡಿಗರ ಮನೆಗಳಲ್ಲೂ ಶನಿವಾರ ಸಂಜೆ ಚಾರಣದ ಬ್ಯಾಗು ತುಂಬುವ ಗಡಿಬಿಡಿ ಶುರುವಾಗುತ್ತದೆ. ಸಿಂಹಗಡ, ರಾಜಗಡ, ತೋರಣಾ, ಕಳಸೂಬಾಯಿಗಳಿಗೆ ಹೊರಡುವವರ ಜೊತೆಗೆ ಊರಿಂದ ಬಂದ ನೆಂಟರೂ ಸೇರಿಕೊಳ್ಳುತ್ತಾರೆ. ನೀರಿನ ಬಗ್ಗೆ, ಬೂಟಿನ ಬಗ್ಗೆ, ಟಾರ್ಚಿನ ಬಗ್ಗೆ ಇವರಿಗೆ ತಿಳಿಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಮೇಲಂಗಿಯ ವಿಷಯಕ್ಕೆ ಬಂದಾಗ ‘ಒಂದು ಜಾಕೆಟ್ ಇರಲಿ’ ಎಂಬಲ್ಲಿಗೆ ಸಲಹೆ ಮುಗಿದುಹೋಗುತ್ತದೆ. ಎಂಥ ಜಾಕೆಟ್ ಎಂಬುದನ್ನು ಯಾರೂ ಹೇಳದಿರುವುದರಿಂದ ಆಗುವ ತೊಂದರೆಯನ್ನು ಕಣ್ಣಾರೆ ಕಂಡ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಜನವರಿಯಲ್ಲಿ ಧಾರವಾಡದಿಂದ ಬಂದಿದ್ದ ನನ್ನ ತಂಗಿಯ ಮಗನನ್ನು ಕರೆದುಕೊಂಡು ಕಳಸೂಬಾಯಿಗೆ ಹೋಗಿದ್ದೆ. 1646 ಮೀಟರ್ ಎತ್ತರದ ಆ ಶಿಖರ ಮಹಾರಾಷ್ಟ್ರದಲ್ಲೇ ಅತಿ ಎತ್ತರದ್ದು. ಸೂರ್ಯೋದಯ ನೋಡುವ ಆಸೆಯಿಂದ ಬೆಳಗಿನ ಜಾವ ಮೂರಕ್ಕೇ ಬುಡದ ಹಳ್ಳಿಯಿಂದ ಹೊರಟೆವು. ಪುಣೆಯ ಅಂಗಡಿಯೊಂದರಲ್ಲಿ ‘ಗಾಳಿಯನ್ನೂ ತಡೆಯುತ್ತದೆ, ಬೆವರನ್ನೂ ಹೊರಬಿಡುತ್ತದೆ’ ಎಂದು ಹೇಳಿ ಕೊಟ್ಟಿದ್ದ ದಪ್ಪನೆಯ ವಿಂಡ್‌ಚೀಟರನ್ನು ಹುಡುಗ ಹತ್ತಿಯ ಟೀ ಶರ್ಟಿನ ಮೇಲೆ ಹಾಕಿಕೊಂಡಿದ್ದ. ಕಬ್ಬಿಣದ ಏಣಿಗಳನ್ನು ದಾಟುವವರೆಗೂ ಉತ್ಸಾಹದಿಂದಲೇ ಇದ್ದ. ತುದಿಯ ಗುಡಿಯ ಬಳಿ ಗಾಳಿಗೆ ಮೈಯೊಡ್ಡಿ ಹತ್ತು ನಿಮಿಷ ಕುಳಿತದ್ದೇ ತಡ, ಹಲ್ಲು ಕಟಕಟ ಎನ್ನತೊಡಗಿತು. “ಮಾಮಾ, ಜಿಪ್ ಹಿಡೀಲಿಕ್ಕೆ ಬೆರಳ ಬಗ್ಗವಲ್ವು” ಎಂದ. ಅವನ ವಿಂಡ್‌ಚೀಟರನ್ನು ನಾನೇ ಬಿಚ್ಚಿದಾಗ ಅದರ ಒಳಮೈಯಿಂದ ಬೆವರಿನ ಹನಿಗಳು ಸಾಲಾಗಿ ಇಳಿದು ನನ್ನ ಮುಂಗೈ ಮೇಲೆ ಬಿದ್ದವು. ಟೀ ಶರ್ಟು ಹಿಂಡಿದರೆ ನೀರು ಬರುವಷ್ಟು ತೊಯ್ದಿತ್ತು. ಗುಡಿಯ ಗೋಡೆಯ ಮರೆಗೆ ಕರೆದೊಯ್ದು, ಮೈ ಒರೆಸಿ, ಒಣ ಬನಿಯನ್ ತೊಡಿಸಿ, ನನ್ನ ತೆಳ್ಳನೆಯ ಮೇಲಂಗಿಯನ್ನು ಕೊಟ್ಟ ಮೇಲೆ ಕಾಲು ಗಂಟೆಯಲ್ಲಿ ಅವನ ನಡುಕ ನಿಂತಿತು.

ಎತ್ತರಕ್ಕೆ ಹೋದಂತೆ ಪ್ರತಿ 1000 ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಷ್ಟು ಉಷ್ಣಾಂಶ ಇಳಿಯುತ್ತದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಕಳಸೂಬಾಯಿಯ ತುದಿ ಪುಣೆಗಿಂತ ಆರೇಳು ಡಿಗ್ರಿ ತಣ್ಣಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಷ್ಟು ಚಳಿಯನ್ನು ಆರೋಗ್ಯವಂತರು ತಡೆದುಕೊಳ್ಳುತ್ತಾರೆ. ತಡೆಯಲಾಗದ್ದು ಗಾಳಿ ಮತ್ತು ಬೆವರು ಒಟ್ಟಿಗೆ ಸೇರಿದಾಗಿನ ಸ್ಥಿತಿ. ಮೈಗೆ ಅಂಟಿಕೊಂಡಿರುವ ಬೆಚ್ಚನೆಯ ಗಾಳಿಯ ತೆಳು ಪದರವನ್ನು ಬೀಸುಗಾಳಿ ಕ್ಷಣಕ್ಷಣಕ್ಕೂ ಎಳೆದೊಯ್ಯುತ್ತದೆ. ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ 10 ಡಿಗ್ರಿ ಉಷ್ಣಾಂಶದಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿ ಮುಖಕ್ಕೆ ಅದು ಆರೇಳು ಡಿಗ್ರಿಯ ಚಳಿಯಾಗಿ ತಟ್ಟುತ್ತದೆ. ಇದು ಒಣ ಚರ್ಮದ ಲೆಕ್ಕ. ಮೈ ಒದ್ದೆಯಾಗಿದ್ದರೆ, ಒಂದು ಲೀಟರ್ ಬೆವರು ಆರಿಹೋಗಲು ಬೇಕಾದ ಸುಮಾರು 580 ಕಿಲೋ ಕ್ಯಾಲೊರಿ ಶಾಖದ ಬಹುಪಾಲನ್ನು ದೇಹವೇ ತೆರಬೇಕಾಗುತ್ತದೆ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಪ್ರಾಣಕ್ಕೇ ಅಪಾಯ, ಮತ್ತು ಅದಕ್ಕೆ ಹಿಮ ಬೀಳುವ ಊರೇ ಆಗಬೇಕೆಂದಿಲ್ಲ.

ನಮ್ಮಲ್ಲಿ ಈ ಗೊಂದಲ ಹುಟ್ಟಿರುವುದು ಸ್ಕೂಟರಿನಿಂದ ಎಂದು ನನಗನಿಸುತ್ತದೆ. ಪುಣೆ ದ್ವಿಚಕ್ರ ವಾಹನಗಳ ಊರು. ಇಲ್ಲಿ ವಿಂಡ್‌ಚೀಟರ್ ಎಂದರೆ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಎದೆಗೆ ಗಾಳಿ ಹೊಡೆಯದಂತೆ ಹಾಕುವ, ಒಳಗೆ ರಬ್ಬರಿನಂಥ ಲೇಪವಿರುವ ಅಂಗಿ. ಸ್ಕೂಟರಿನ ಮೇಲೆ ಕುಳಿತವರು ಬೆವರುವುದಿಲ್ಲವಾದ್ದರಿಂದ ಅವರಿಗೆ ಅದು ಸರಿಯೇ. ಬೆನ್ನ ಮೇಲೆ ಭಾರ ಹೊತ್ತು ಒಂದೇ ಸಮನೆ ಏರು ಹತ್ತುವವನಿಗೆ ಬೇಕಾದದ್ದು ಬೇರೆಯೇ: ಗಾಳಿಯ ಹೊಡೆತವನ್ನು ಮುರಿಯುವಷ್ಟು ಬಿಗಿಯಾಗಿ ನೇಯ್ದ, ಆದರೆ ಒಳಗಿನ ಆವಿಯನ್ನು ಹೊರಹೋಗಲು ಬಿಡುವ, ಲೇಪವಿಲ್ಲದ ತೆಳು ನೈಲಾನ್ ಅಥವಾ ಪಾಲಿಯೆಸ್ಟರ್ ಅಂಗಿ. ಇಂಥದ್ದು 100ರಿಂದ 200 ಗ್ರಾಂ ತೂಗುತ್ತದೆ, ಮಡಿಸಿದರೆ ತನ್ನದೇ ಜೇಬಿನೊಳಗೆ ಮುಷ್ಟಿಯಷ್ಟಾಗಿ ಕೂರುತ್ತದೆ. ಒಂಬತ್ತು ಕಿಲೋಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಆ ನೂಲಿನ ಡೆನಿಯರ್. 20 ಡೆನಿಯರ್ ನೂಲಿನ ಬಟ್ಟೆ ಎಷ್ಟು ಹಗುರ ಎಂಬುದನ್ನು ಇದರಿಂದಲೇ ಊಹಿಸಬಹುದು.

ಅಂಗಡಿಯಲ್ಲಿ ಮಾರುವವರ ಮಾತನ್ನು ನಂಬುವ ಮೊದಲು ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ ನೋಡಿ. ಉಸಿರು ಒಂದಿಷ್ಟೂ ಆಚೆ ದಾಟದಿದ್ದರೆ ಅದು ಲೇಪವಿರುವ ಬಟ್ಟೆ, ಬೆಟ್ಟಕ್ಕೆ ಬೇಡ. ಸರಾಗವಾಗಿ ದಾಟಿದರೆ ಗಾಳಿಗೆ ಅದು ಅಡ್ಡಿಯೇ ಅಲ್ಲ. ಜೋರಾಗಿ ಊದಿದಾಗ ಆಚೆ ಬದಿಯ ಅಂಗೈಗೆ ಸಣ್ಣಗೆ ಬಿಸಿ ತಾಕಿದರೆ ಅದನ್ನು ಕೊಳ್ಳಿ. ಒಳಮೈಯನ್ನು ತಿರುವಿ, ಬಿಳಿಯ ಹೊಳಪು ಅಥವಾ ಅಂಟಂಟು ಇದೆಯೇ ಎಂದೂ ನೋಡಿ. ಮುಂಭಾಗದ ಜಿಪ್ ಪೂರ್ತಿ ಉದ್ದಕ್ಕೂ ಇದ್ದರೆ ಏರುವಾಗ ತೆರೆದಿಟ್ಟು, ತುದಿಯಲ್ಲಿ ಮುಚ್ಚಿಕೊಳ್ಳಬಹುದು. ಕಿವಿ ಮುಚ್ಚುವ ಟೋಪಿ, ಮಣಿಕಟ್ಟಿನಲ್ಲಿ ಇಲಾಸ್ಟಿಕ್ ಇರಲಿ. ಅಳತೆ ಒಂದು ತೆಳು ಸ್ವೆಟರಿನ ಮೇಲೆ ಹಿಡಿಸುವಷ್ಟು ಸಾಕು, ಅದಕ್ಕಿಂತ ಸಡಿಲವಾದರೆ ಅಂಗಿ ಪಟಪಟ ಬಡಿದು ಒಳಗಿನ ಬಿಸಿಯನ್ನೆಲ್ಲ ಹೊರಗೆ ತಳ್ಳುತ್ತದೆ. ಒಳಗೆ ಹತ್ತಿಯ ಬದಲು ಬೇಗ ಒಣಗುವ ಬನಿಯನ್ ಹಾಕದಿದ್ದರೆ ಮಾತ್ರ ಈ ಖರ್ಚೆಲ್ಲ ವ್ಯರ್ಥ.

ಈ ಅಂಗಿಯ ಮಿತಿಗಳನ್ನೂ ಹೇಳಬೇಕು. ಆಷಾಢದಲ್ಲಿ ಲೋಹಗಡಕ್ಕೆ ಹೋಗುವವರಿಗೆ ಇದು ಉಪಯೋಗವಿಲ್ಲ, ಅಲ್ಲಿಗೆ ರೇನ್‌ಕೋಟೇ ಬೇಕು. ಸಹ್ಯಾದ್ರಿಯ ಕವಳಿ ಮುಳ್ಳಿಗೆ ಸಿಕ್ಕರೆ ತೆಳು ಬಟ್ಟೆ ಹರಿಯುತ್ತದೆ. ನಡುನಡುವೆ ದಪ್ಪ ನೂಲಿನ ಚೌಕಳಿ ಇರುವ ನೇಯ್ಗೆಯಾದರೆ ಹರಕು ಮುಂದುವರಿಯುವುದಿಲ್ಲ. ಬೆಂಕಿ ಕಾಯಿಸುವಾಗ ಕಿಡಿ ಬಿದ್ದರೆ ಕ್ಷಣದಲ್ಲಿ ತೂತಾಗುತ್ತದೆ.

ತಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ಎರಡು. ಇಂಥ ಮೇಲಂಗಿಗಳ ಚೀಟಿಯಲ್ಲಿ ಬೆಲೆ, ಅಳತೆ, ಒಗೆಯುವ ರೀತಿ ಇರುತ್ತವೆ. ಬಟ್ಟೆಯ ಮೂಲಕ ಎಷ್ಟು ಗಾಳಿ ದಾಟುತ್ತದೆ ಎಂಬುದನ್ನು ಅಳೆಯುವ ಪರೀಕ್ಷೆ ಜವಳಿ ಪ್ರಯೋಗಾಲಯಗಳಲ್ಲಿ ಬಹು ಕಾಲದಿಂದ ಇದೆ. ಆ ಅಂಕಿಯನ್ನೂ ಅಂಗಿಯ ತೂಕವನ್ನೂ ತಯಾರಕರು ಚೀಟಿಯಲ್ಲೇ ಮುದ್ರಿಸಬೇಕು. ಇನ್ನೊಂದು, ಪುಣೆ ಮುಂಬಯಿಗಳಲ್ಲಿ ಮಕ್ಕಳನ್ನು ಚಾರಣಕ್ಕೆ ಕರೆದೊಯ್ಯುವ ನಮ್ಮ ಕನ್ನಡ ಗೆಳೆಯರ ಬಳಗಗಳು ತಾವು ಕಳಿಸುವ ಸೂಚನೆಯಲ್ಲಿ ‘ಜಾಕೆಟ್’ ಎಂದಷ್ಟೇ ಬರೆಯದೆ ‘ಲೇಪವಿಲ್ಲದ ತೆಳು ವಿಂಡ್‌ಚೀಟರ್ ಒಂದು, ತುದಿ ತಲುಪಿದ ಮೇಲೆ ಬದಲಿಸಲು ಒಣ ಬನಿಯನ್ ಒಂದು’ ಎಂದು ಸ್ಪಷ್ಟವಾಗಿ ಬರೆಯಬೇಕೆಂದು ವಿನಂತಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಓರ್ವ ಓದುಗ, ಕೋಥರೂಡ, ಪುಣೆ