ಕಂಡವರ ಮಕ್ಕಳ ಜೊತೆ ಲಂಡನ್ನಿನಲ್ಲಿ

ಆಕ್ಸ್‌ಫರ್ಡ್
ಜುಲೈ 2023

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಬೇಸಿಗೆ ಅನ್ನುವುದು ಹೆಸರಿಗೆ ಮಾತ್ರ, ಈ ತಿಂಗಳು ಮಳೆ ಬಿಡುತ್ತಲೇ ಇಲ್ಲ. ಕೆಆರ್‌ಎಸ್‌ಗೆ ನೀರು ಬಂತಾ? ಅಮ್ಮ ಶಕ್ತಿ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗಿಬಂದ ಫೋಟೋ ಪುಟ್ಟಿ ಕಳಿಸಿದ್ದಾಳೆ. ಟಿಕೆಟ್ ಪುಕ್ಕಟೆ, ಆದರೆ ಹಾಸನದವರೆಗೆ ನಿಂತೇ ಹೋದೆಯಂತೆ?

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ ಅಮ್ಮ, "ಅಷ್ಟು ಓದಿ ಕಂಡೋರ ಮಕ್ಕಳನ್ನ ಕಾಯೋ ಕೆಲಸವೇನೇ?" ಅಂತ. ಫೋನಿನಲ್ಲಿ ಹೇಳಹೊರಟರೆ ನೀನು ಮಧ್ಯದಲ್ಲಿ ಕುಕ್ಕರ್ ಆರಿಸಲು ಎದ್ದು ಹೋಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಇಟಲಿ, ಸ್ಪೇನ್, ಟರ್ಕಿ, ಚೀನಾ, ಬ್ರೆಜಿಲ್, ಎಲ್ಲ ಕಡೆಯಿಂದ ಈ ಸಮ್ಮರ್ ಸ್ಕೂಲಿಗೆ ಮಕ್ಕಳು ಇಂಗ್ಲಿಷ್ ಕಲಿಯಲು ಬರುತ್ತಾರೆ. 13ರಿಂದ 17ರ ವಯಸ್ಸು. ಬೆಳಿಗ್ಗೆ ಪಾಠ, ಮಧ್ಯಾಹ್ನ ಆಟ, ನಡುನಡುವೆ ಊರು ಸುತ್ತಾಟ. ಸುತ್ತಾಟದ ದಿನ ನನ್ನ ಪಾಲಿಗೆ 15 ಮಕ್ಕಳು. ಇಲ್ಲಿ ಮಕ್ಕಳ ಜೊತೆ ಕೆಲಸ ಮಾಡಬೇಕಾದರೆ ಮೊದಲು ನಮ್ಮ ಹಿನ್ನೆಲೆ ಜಾಲಾಡುತ್ತಾರೆ. ಏಪ್ರಿಲ್‌ನಲ್ಲಿ ಅಪ್ಪನನ್ನು ಪೊಲೀಸ್ ಸರ್ಟಿಫಿಕೇಟಿಗೆ ಅಂತ ಸ್ಟೇಷನ್ನಿಗೆ ಓಡಿಸಿದ್ದು ಅದಕ್ಕೇ.

ಅಪ್ಪ, ನೀವು ಡಿಸೆಂಬರ್‌ನಲ್ಲಿ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗುತ್ತಿದ್ದಿರಲ್ಲ, ಕೈಯಲ್ಲೊಂದು ಹಾಜರಿ ಪುಸ್ತಕ, ಕತ್ತಿನಲ್ಲೊಂದು ಸೀಟಿ. ಇಲ್ಲಿ ಹೊರಡುವ ಮೊದಲೇ ಒಂದು ಕಟ್ಟು ಕಾಗದ. ರಿಸ್ಕ್ ಅಸೆಸ್‌ಮೆಂಟ್ ಅಂತಾರೆ. ರಸ್ತೆ ದಾಟುವಾಗ ಏನಾಗಬಹುದು, ನದಿ ಪಕ್ಕ ಏನಾಗಬಹುದು, ಇನ್‌ಹೇಲರ್ ಯಾರ ಬ್ಯಾಗಿನಲ್ಲಿದೆ, ಎಲ್ಲ ಅದರಲ್ಲಿ ಬರೆದಿರುತ್ತದೆ. ಮೊದಮೊದಲು ನನಗೆ ನಗು ಬರುತ್ತಿತ್ತು. ಆದರೆ ಕಡಲೆಕಾಯಿ ತಿಂದರೆ ಉಸಿರುಕಟ್ಟುವ ಹುಡುಗನೊಬ್ಬ ನನ್ನ ಗುಂಪಿನಲ್ಲೇ ಇದ್ದಾನೆ. ಅವನ ಇಂಜೆಕ್ಷನ್ ಪೆನ್ ಅವನ ಜೇಬಿನಲ್ಲೊಂದು, ನನ್ನ ಬ್ಯಾಗಿನಲ್ಲೊಂದು. ಈಗ ಆ ಕಾಗದ ಓದದೆ ನಾನು ಬಸ್ ಹತ್ತುವುದಿಲ್ಲ.

ಎಲ್ಲರ ಕೈಗೂ ಒಂದು ಪಟ್ಟಿ ಕಟ್ಟುತ್ತೇವೆ, ಅದರ ಮೇಲೆ ಶಾಲೆಯ ತುರ್ತು ನಂಬರ್. 16 ವರ್ಷದ ಹುಡುಗಿಯರಿಗೆ ಇದು ಮಹಾ ಅವಮಾನ, ತೋಳು ಕೆಳಗೆಳೆದು ಮುಚ್ಚಿಕೊಳ್ಳುತ್ತಾರೆ. ಆಮೇಲೆ ಎಣಿಸುವುದು. ಬಸ್ ಹತ್ತಿದಾಗ, ಇಳಿದಾಗ, ಟಾಯ್ಲೆಟ್ ಆದಮೇಲೆ, ರಸ್ತೆ ದಾಟಿದಮೇಲೆ. ನಾನು ಎಣಿಸುವುದು ಕನ್ನಡದಲ್ಲೇ. ಈಗೀಗ ಟರ್ಕಿಯ ಹುಡುಗನೊಬ್ಬ ನನಗಿಂತ ಮೊದಲೇ "ಹದಿನೈದು!" ಅಂತ ಕೂಗುತ್ತಾನೆ, ಯಾರಾದರೂ ಕಮ್ಮಿ ಇದ್ದರೂ ಸರಿ.

ಲಂಡನ್ ಇಲ್ಲಿಂದ ಸುಮಾರು 90 ಕಿಲೋಮೀಟರ್. ಬಸ್ ನಮ್ಮನ್ನು ಇಳಿಸುವುದು ಥೇಮ್ಸ್ ನದಿಯ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ. ಅಲ್ಲಿ ನಮ್ಮ ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್‌ನಲ್ಲಿ ಮೋದಿ ಅನಾವರಣ ಮಾಡಿದ್ದು. ವಾಪಸ್ ಸೇರುವ ಜಾಗ ಅಂತ ನಾನು ಅದನ್ನೇ ಗೊತ್ತುಮಾಡಿದ್ದೇನೆ. "ನಾಲ್ಕೂವರೆಗೆ ಬಸವಣ್ಣನ ಹತ್ತಿರ" ಅಂದರೆ ಬ್ರೆಜಿಲ್‌ನ ಮಕ್ಕಳೂ ತಲೆಯಾಡಿಸುತ್ತಾರೆ.

ನನ್ನ ಎದೆ ಹೊಡೆದುಕೊಳ್ಳುವುದು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ. ಮಕ್ಕಳ ಕಣ್ಣೆಲ್ಲ ಬಿಗ್ ಬೆನ್ ಕಡೆ ಇರುತ್ತದೆ, ಅಲ್ಲೇ ಕಾಲಬುಡದಲ್ಲಿ ಒಬ್ಬ ಕುಕ್ಕರುಗಾಲಲ್ಲಿ ಕೂತು ಮೂರು ಲೋಟ, ಒಂದು ಚೆಂಡು ಇಟ್ಟುಕೊಂಡು ಆಡಿಸುತ್ತಿರುತ್ತಾನೆ. ಜಾತ್ರೆಯಲ್ಲಿ ಮೂರೆಲೆ ಆಟ ಆಡಿಸ್ತಾರಲ್ಲ, ಅದೇ ಇದು. ಸುತ್ತ ನಿಂತು ಗೆಲ್ಲುವವರೆಲ್ಲ ಅವನ ಕಡೆಯವರೇ. ಮೊನ್ನೆ ಇಟಲಿಯ ಹುಡುಗನೊಬ್ಬ 20 ಪೌಂಡಿನ ನೋಟು ಹಿಡಿದು ಬಗ್ಗಿಬಿಟ್ಟಿದ್ದ. ಅವನ ಬ್ಯಾಗಿನ ಪಟ್ಟಿ ಹಿಡಿದು ಹಿಂದಕ್ಕೆ ಎಳೆದೆ. "ಮಧ್ಯದ ಲೋಟದಲ್ಲೇ ಇತ್ತು, ನಾನು ನೋಡಿದೆ" ಅಂತ ಸಂಜೆವರೆಗೂ ನನ್ನ ಮೇಲೆ ಮುನಿಸು. 13.7 ಟನ್ ತೂಕದ ಗಂಟೆ ತಲೆಯ ಮೇಲೆ ಹೊಡೆಯುತ್ತಿದ್ದರೂ ಅವನಿಗೆ ಕೇಳಿಸಲಿಲ್ಲ.

ನೆಲದಡಿಯ ರೈಲಿಗೆ ಒಂದೇ ನಿಯಮ. ಗುಂಪಿಗಿಂತ ಮೊದಲು ಹತ್ತಿಬಿಟ್ಟರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಬೇಕು. ಹಿಂದೆ ಉಳಿದರೆ ಅಲ್ಲಾಡದೆ ಅಲ್ಲೇ ಇರಬೇಕು. ಹುಡುಕಲು ಹೊರಟರೆ ಇಬ್ಬರೂ ಕಳೆದುಹೋಗುತ್ತೇವೆ ಅಷ್ಟೇ. ಕಳೆದ ವಾರ ಇಬ್ಬರು ಹುಡುಗಿಯರು ಮಾತಾಡುತ್ತಾ ನಮಗಿಂತ ಮೊದಲೇ ಹತ್ತಿದರು, ಬಾಗಿಲು ಮುಚ್ಚಿತು. ಮುಂದಿನ ರೈಲಿನಲ್ಲಿ ನಾವು ಹೋದರೆ ಸೇಂಟ್ ಜೇಮ್ಸಸ್ ಪಾರ್ಕ್ ಸ್ಟೇಷನ್ನಿನ ಬೆಂಚಿನ ಮೇಲೆ ಸೆಲ್ಫಿ ತೆಗೆದುಕೊಳ್ಳುತ್ತಾ ಕೂತಿದ್ದಾರೆ. ಬೈಯಲು ಬಾಯಿ ತೆರೆದವಳು ಸುಮ್ನೆ ಎಣಿಸಿದೆ.

ಅವತ್ತು ಹೊರಟಿದ್ದು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ. ಪ್ರವೇಶ ಉಚಿತ. ಟಿಪ್ಪುವಿನ ಹುಲಿ ಇರುವುದು ಅಲ್ಲೇ. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಶ್ರೀರಂಗಪಟ್ಟಣದ್ದು, 1799ರಲ್ಲಿ ಕೋಟೆ ಬಿದ್ದಾಗ ಹೊತ್ತು ತಂದಿದ್ದು. ಮರದ ಹುಲಿ, ಹೆಚ್ಚುಕಮ್ಮಿ ನಿಜವಾದ ಹುಲಿಯಷ್ಟೇ ದೊಡ್ಡದು. ಕೆಂಪು ಕೋಟಿನ ಬಿಳಿಯನೊಬ್ಬ ಅಂಗಾತ ಬಿದ್ದಿದ್ದಾನೆ, ಹುಲಿ ಅವನ ಕತ್ತಿಗೆ ಬಾಯಿ ಹಾಕಿದೆ. ಹೊಟ್ಟೆಯೊಳಗೆ ಸಣ್ಣ ಆರ್ಗನ್. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಅವನು ನರಳುತ್ತಾ ಕೈ ಆಡಿಸುತ್ತಾನೆ. ಈಗ ಗಾಜಿನ ಪೆಟ್ಟಿಗೆಯಲ್ಲಿದೆ, ನಾವು ತಿರುಗಿಸುವ ಹಾಗಿಲ್ಲ. ಅದಕ್ಕೆ ಇಟಲಿಯವನು ತಾನೇ ನೆಲದ ಮೇಲೆ ಅಂಗಾತ ಮಲಗಿ ನರಳತೊಡಗಿದ, ಟರ್ಕಿಯವನು ಹುಲಿ. ಕಾವಲಿನಾಕೆ ಓಡಿ ಬಂದರು.

ಸ್ಪೇನ್‌ನ ಹುಡುಗಿಯೊಬ್ಬಳು ಕೇಳಿದಳು, "ನಿಮ್ಮೂರಿನದ್ದು ತಾನೆ? ವಾಪಸ್ ಕೊಡಬೇಕಲ್ವಾ?" ಕೊಡಬೇಕು ಅಂತಲೇ ನನ್ನ ಅಭಿಪ್ರಾಯ, ಅದನ್ನೇ ಹೇಳಿದೆ. ಟಿಪ್ಪು ಬಗ್ಗೆ ನಮ್ಮಲ್ಲೇ ಇರುವ ಜಗಳ ಬಿಡಿಸಿ ಹೇಳಲು ಹೋಗಲಿಲ್ಲ. ಊಟದ ಹೊತ್ತಾಗಿತ್ತು.

ಊಟ ಅಂದರೆ ಪೊಟ್ಟಣದ ಸ್ಯಾಂಡ್‌ವಿಚ್, ಒಂದು ಸೇಬು, ಚಿಪ್ಸ್. ಸಸ್ಯಾಹಾರಿಗಳಿಗೆ ದಿನಾ ಚೀಸೇ. ನೀನು ಬೇಜಾರು ಮಾಡ್ಕೋಬೇಡ, ರಾತ್ರಿ ಅನ್ನ ಮಾಡಿಕೊಳ್ಳುತ್ತೇನೆ.

ಸಂಬಳದ ಜೊತೆ ರೂಮು ಅವರದೇ, ಹಾಗಾಗಿ ಒಂದಿಷ್ಟು ಉಳಿಯುತ್ತದೆ. ಆಗಸ್ಟ್‌ನಿಂದ ಬ್ಯಾಂಕ್ ಲೋನಿನ ಕಂತು ನಾನೇ ಕಟ್ಟುತ್ತೇನೆ. ಅಪ್ಪ ಪೆನ್ಷನ್‌ನಿಂದ ಕಟ್ಟುವುದು ಬೇಡ, ಮ್ಯಾನೇಜರ್‌ಗೆ ಈ ವಾರವೇ ಹೇಳಿಬಿಡಿ. ಪುಟ್ಟಿಯ ಕಾಲೇಜು ಫೀಸಿಗೆ ಕೊನೆಯ ದಿನ ಯಾವಾಗ ಅಂತ ಬರೆಯಿರಿ.

ನಾಳೆ ಬಾತ್ ಅನ್ನುವ ಊರಿಗೆ. ರೋಮನ್ನರು ಕಟ್ಟಿದ ಸ್ನಾನದ ಕೊಳ, 46 ಡಿಗ್ರಿಯ ಬಿಸಿನೀರಿನ ಬುಗ್ಗೆ, ಆದರೆ ನೀರಿಗೆ ಕೈ ಹಾಕುವಂತಿಲ್ಲ. ಹದಿನೈದು ಮಕ್ಕಳ ಮೂವತ್ತು ಕೈ! ಅದರ ಕಾಗದಪತ್ರ ಇನ್ನೂ ಓದಿಲ್ಲ, ಈಗ ಕೂರಬೇಕು.

ಇಂತಿ ನಿಮ್ಮ ಮಗಳು